ಕಾರಂಜಿ ಕೆರೆಯ ದಂಡೆಯ ವಿಜ್ಞಾನ ಸಂಗ್ರಹಾಲಯದಲ್ಲಿ ಗೆಳೆಯರೊಂದಿಗೆ ಒಂದು ದಿನ ಕಳೆಯುವ ಬಗೆ

ವಿಜ್ಞಾನ ಸಂಗ್ರಹಾಲಯ ಎಂದೊಡನೆ ಮೈಸೂರು, ಮಂಡ್ಯದ ಕಡೆಯವರಿಗೆ ಮೊದಲು ನೆನಪಾಗುವುದು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ. ನಮ್ಮ ಮೈಸೂರಿನಲ್ಲೇ, ಸಿದ್ಧಾರ್ಥನಗರದ ಅಂಚಿನಲ್ಲಿ, ಕಾರಂಜಿ ಕೆರೆಗೆ ಒತ್ತಿಕೊಂಡಂತೆ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯವೊಂದು 1995ರಿಂದ ಇದೆ ಎಂಬುದು ಮೃಗಾಲಯವನ್ನೂ ಅರಮನೆಯನ್ನೂ ಹತ್ತಾರು ಸಲ ನೋಡಿದವರಲ್ಲೂ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ದಕ್ಷಿಣ ಭಾರತದ ಗಿಡಮರ, ಪ್ರಾಣಿಪಕ್ಷಿ ಮತ್ತು ಭೂವಿಜ್ಞಾನವೇ ಅಲ್ಲಿನ ವಸ್ತು. ಕಟ್ಟಡ ತೀರ ದೊಡ್ಡದಲ್ಲವಾದ್ದರಿಂದ ಬಹಳ ಮಂದಿ ಒಂದು ಗಂಟೆಯಲ್ಲಿ ಒಂದು ಸುತ್ತು ಹಾಕಿ, ನಾಲ್ಕು ಫೋಟೊ ತೆಗೆದುಕೊಂಡು ಹೊರಬರುತ್ತಾರೆ. ನಾಲ್ಕೈದು ಜನ ಗೆಳೆಯರು ಸ್ವಲ್ಪ ಸಿದ್ಧತೆಯೊಂದಿಗೆ ಹೋದರೆ ಅದೇ ಜಾಗದಲ್ಲಿ ಇಡೀ ದಿನ ಸಾಲದಾಗುತ್ತದೆ. ಕಡಿಮೆ ವಸ್ತುಗಳನ್ನು ಹೆಚ್ಚು ಹೊತ್ತು ನೋಡುವುದು, ನೋಡಿದ್ದನ್ನು ಒಬ್ಬರಿಗೊಬ್ಬರು ಹೇಳಿಕೊಂಡು ವಾದಿಸುವುದು, ಗಾಜಿನೊಳಗೆ ಕಂಡದ್ದನ್ನು ಹೊರಗೆ ಕೆರೆಯ ಬಳಿ ಹೋಗಿ ಪರೀಕ್ಷಿಸುವುದು, ಈ ಮೂರು ಕೆಲಸಗಳಿಗೆ ದಿನವನ್ನು ಹಂಚಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ದಿನದ ಆಯ್ಕೆ. ಸಂಗ್ರಹಾಲಯಕ್ಕೆ ಸೋಮವಾರ ರಜೆ. ಮೃಗಾಲಯ ಪ್ರಾಧಿಕಾರದ ಆಡಳಿತದಲ್ಲಿರುವ ಕಾರಂಜಿ ಕೆರೆಯ ಉದ್ಯಾನಕ್ಕೆ ಮಂಗಳವಾರ ರಜೆ. ಎರಡನ್ನೂ ಸೇರಿಸಿಯೇ ಈ ದಿನ ಪೂರ್ಣವಾಗುವುದರಿಂದ ಬುಧವಾರದಿಂದ ಭಾನುವಾರದವರೆಗಿನ ಯಾವುದಾದರೂ ದಿನವನ್ನು ಗೊತ್ತುಮಾಡಿಕೊಳ್ಳಬೇಕು, ಸಾಧ್ಯವಿದ್ದವರು ಶನಿವಾರ, ಭಾನುವಾರಗಳನ್ನೂ ಬಿಡಬೇಕು. ರಾಷ್ಟ್ರೀಯ ಹಬ್ಬಗಳಂದು ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳ್ಳೆಯದು. ದಸರೆಯ ದಿನಗಳಲ್ಲಿ ಊರಿಗೆ ಊರೇ ತುಂಬಿರುತ್ತದೆ. ಒಂದು ವಸ್ತುವಿನ ಮುಂದೆ ಹದಿನೈದು ನಿಮಿಷ ನಿಲ್ಲುವ ಉದ್ದೇಶವುಳ್ಳವರಿಗೆ ಅದು ಸರಿಯಾದ ಕಾಲವಲ್ಲ. ಡಿಸೆಂಬರಿನಿಂದ ಮಾರ್ಚಿಯವರೆಗೆ ಬಿಸಿಲೂ ಹಿತವಾಗಿರುತ್ತದೆ, ಕೆರೆಯಲ್ಲಿ ಹಕ್ಕಿಗಳೂ ಹೆಚ್ಚಿರುತ್ತವೆ. ಮಂಡ್ಯದಿಂದ ಬರುವವರಿಗೆ ದಾರಿ ಸುಮಾರು 45 ಕಿಲೋಮೀಟರ್. ಬೆಳಗಿನ ರೈಲು ಅಥವಾ ಸಾರಿಗೆ ಬಸ್ಸು ಹಿಡಿದು ಬಂದರೆ, ನಜರ್‌ಬಾದಿನಲ್ಲಿ ಮೈಲಾರಿ ದೋಸೆ ತಿಂದು ಸಂಗ್ರಹಾಲಯದ ಬಾಗಿಲು ತೆರೆಯುವ ಹತ್ತು ಗಂಟೆಯ ಹೊತ್ತಿಗೆ ಆಟೋದಲ್ಲಿ ನಿರಾಳವಾಗಿ ತಲುಪಬಹುದು.

ಗುಂಪು ನಾಲ್ಕರಿಂದ ಆರು ಜನರದ್ದಾಗಿದ್ದರೆ ಚೆನ್ನ. ಅದಕ್ಕಿಂತ ಹೆಚ್ಚಿದ್ದರೆ ಹಿಂದೆ ನಿಂತವರಿಗೆ ಏನೂ ಕಾಣಿಸದೆ ಅವರು ಬೇರೆ ಮಾತಿಗೆ ತೊಡಗುತ್ತಾರೆ, ಆದ್ದರಿಂದ ಎರಡು ಗುಂಪು ಮಾಡಿಕೊಳ್ಳುವುದು ಲೇಸು. ಎಲ್ಲರೂ ವಿಜ್ಞಾನ ಓದಿದವರೇ ಆಗಿರಬೇಕೆಂಬ ನಿಯಮವೇನೂ ಇಲ್ಲ. ಒಂದೇ ಬಗೆಯ ಓದಿನವರು ಒಟ್ಟಾಗಿ ಹೋಗುವುದಕ್ಕಿಂತ ಬೇರೆಬೇರೆ ಕಸುಬಿನವರು ಕೂಡಿದಾಗಲೇ ದಿನ ಕಳೆಗಟ್ಟುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆಸ್ಪತ್ರೆಯಲ್ಲಿ ದಾದಿಯಾಗಿರುವ ಗೆಳತಿಯೊಬ್ಬರು ಬಾವಲಿಯ ರೆಕ್ಕೆಯ ಮೂಳೆಗಳನ್ನು ನೋಡಿದ ಕೂಡಲೇ, ಇದು ನಮ್ಮ ಕೈಯೇ, ಬೆರಳುಗಳು ಉದ್ದವಾಗಿವೆ ಅಷ್ಟೆ ಎಂದು ಗುರುತಿಸಬಲ್ಲರು. ಕಬ್ಬು ಬೆಳೆಯುವ ಮನೆಯಿಂದ ಬಂದ ಮಂಡ್ಯದ ಗೆಳೆಯ ಚಿರತೆಯ ಮಾದರಿಯ ಮುಂದೆ ನಿಂತು, ಕಬ್ಬಿನ ಗದ್ದೆಯೊಳಗೆ ಅದು ಏಕೆ ನೆಲೆಸುತ್ತದೆ, ಕಟಾವು ಬಂದಾಗ ಮರಿಗಳು ಏಕೆ ಸಿಗುತ್ತವೆ ಎಂಬುದನ್ನು ಫಲಕದಲ್ಲಿ ಇರುವುದಕ್ಕಿಂತ ಹೆಚ್ಚು ವಿವರವಾಗಿ ಹೇಳಬಲ್ಲ. ಅಂಥವರು ಮಾತನಾಡುವಾಗ ಉಳಿದವರು ಕೇಳಿಸಿಕೊಳ್ಳಬೇಕು, ಒಬ್ಬರೇ ದಿನವಿಡೀ ಪಾಠ ಹೇಳುವಂತಾಗಬಾರದು.

ಹೊರಡುವ ಹಿಂದಿನ ದಿನ ಮಾಡಿಕೊಳ್ಳಬೇಕಾದ ಸಿದ್ಧತೆ ಸ್ವಲ್ಪವೇ. ಪ್ರತಿಯೊಬ್ಬರೂ ಒಂದೊಂದು ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ತರಬೇಕು. 'ಆನೆಯ ತೂಕ ಎಷ್ಟು' ಎಂಬಂಥ, ಮೊಬೈಲಿನಲ್ಲಿ ಕ್ಷಣದಲ್ಲಿ ಸಿಗುವ ಉತ್ತರದ ಪ್ರಶ್ನೆ ಬೇಡ; 'ಮೈಸೂರಿನ ನೆಲದಲ್ಲಿ ಡೈನೊಸಾರ್ ಮೂಳೆ ಏಕೆ ಸಿಗುವುದಿಲ್ಲ', 'ಮಂಗಟ್ಟೆ ಹಕ್ಕಿಗೆ ಅಷ್ಟು ದೊಡ್ಡ ಕೊಕ್ಕು ಯಾಕೆ' ಎಂಬಂಥ, ಎರಡು ಮೂರು ಕಡೆ ನೋಡಿ ಯೋಚಿಸಿದರೆ ಮಾತ್ರ ಬಿಡಿಸಿಕೊಳ್ಳುವ ಪ್ರಶ್ನೆಗಳು ಬೇಕು. ಒಂದು ನೋಟ್‌ಬುಕ್ಕು, ಪೆನ್ಸಿಲು, ನೀರಿನ ಬಾಟಲಿ, ಯಾರ ಬಳಿಯಾದರೂ ಇದ್ದರೆ ಒಂದು ಬೈನಾಕ್ಯುಲರು, ಇವುಗಳ ಜೊತೆಗೆ ಐದು ಮೀಟರ್ ಉದ್ದದ ಹತ್ತಿಯ ದಾರ ಮತ್ತು ಒಂದು ಅಳತೆಪಟ್ಟಿ ಇರಲಿ. ದಾರದ ಉಪಯೋಗವನ್ನು ಮುಂದೆ ಹೇಳುತ್ತೇನೆ.

ಒಳಗೆ ಹೋದ ಮೇಲೆ ಮೊದಲ ಅರ್ಧ ಗಂಟೆ ಎಲ್ಲಿಯೂ ಹೆಚ್ಚು ನಿಲ್ಲದೆ ಎಲ್ಲ ವಿಭಾಗಗಳನ್ನೂ ಒಮ್ಮೆ ಸುತ್ತಿ ಬನ್ನಿ. ಆಮೇಲೆ ಹೊರಗೆ ಮೆಟ್ಟಿಲ ಬಳಿ ಸೇರಿ, ಪ್ರತಿಯೊಬ್ಬರೂ ತಮಗೆ ಹಿಡಿಸಿದ ಒಂದು ವಸ್ತುವನ್ನು ಹೆಸರಿಸಿ. ಐದು ಜನರಿದ್ದರೆ ಐದು ವಸ್ತುಗಳಾದವು. ಆ ದಿನ ನೀವು ನಿಜವಾಗಿ ನೋಡಬೇಕಾದದ್ದು ಅಷ್ಟೇ. ಉಳಿದದ್ದನ್ನು ಬಿಟ್ಟೆವಲ್ಲ ಎಂಬ ಕಳವಳ ಬೇಕಿಲ್ಲ, ಏಕೆಂದರೆ ಸಂಗ್ರಹಾಲಯ ಎಲ್ಲಿಗೂ ಹೋಗುವುದಿಲ್ಲ ಮತ್ತು ನೀವೂ ಇದೇ ಸೀಮೆಯವರು.

ಒಂದು ವಸ್ತುವಿನ ಮುಂದೆ ನಿಂತಾಗ ಪಾಲಿಸಬೇಕಾದ ನಿಯಮ ಒಂದೇ ಒಂದು: ಮೊದಲು ವಸ್ತು, ಆಮೇಲೆ ಫಲಕ. ನಾವು ಸಾಮಾನ್ಯವಾಗಿ ಇದನ್ನು ತಿರುವುಮುರುವು ಮಾಡುತ್ತೇವೆ. ಹೆಸರನ್ನು ಓದಿದ ತಕ್ಷಣ ಕಣ್ಣು ಕೆಲಸ ನಿಲ್ಲಿಸುತ್ತದೆ. ಸಿಂಗಳೀಕ ಎಂದು ಓದಿದವನು ಸಿಂಗಳೀಕವನ್ನು ನೋಡುವುದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತಾನೆ. ಅದರ ಬದಲು ಐದು ನಿಮಿಷ ಯಾರೂ ಮಾತನಾಡದೆ ನೋಡಿ, ನಂತರ ಒಬ್ಬೊಬ್ಬರಾಗಿ ತಮಗೆ ಕಂಡದ್ದನ್ನು ಮಾತ್ರ ಹೇಳಿ, ಆಮೇಲೆ ಊಹೆಗಳನ್ನು ಮುಂದಿಡಿ, ಕೊನೆಯಲ್ಲಿ ಫಲಕವನ್ನು ಒಬ್ಬರು ಗಟ್ಟಿಯಾಗಿ ಓದಲಿ. ಕಾಡಿನ ದೃಶ್ಯವನ್ನು ಮಾದರಿಯಾಗಿ ಕಟ್ಟಿರುವ ಡಯೋರಮಾಗಳ ಮುಂದೆ ಈ ಕ್ರಮದ ಫಲ ಎದ್ದು ಕಾಣುತ್ತದೆ. ಅಂಥ ದೃಶ್ಯದಲ್ಲಿ ನೆಲದ ತರಗೆಲೆ, ಪೊದೆ, ನಡುಮಟ್ಟದ ಮರ, ಎತ್ತರದ ಮರದ ನೆತ್ತಿ ಎಂಬ ಪದರಗಳಿರುತ್ತವೆ. ಯಾವ ಪ್ರಾಣಿಯನ್ನು ಯಾವ ಪದರದಲ್ಲಿ ಇಟ್ಟಿದ್ದಾರೆ, ಅದು ಅಲ್ಲೇ ಏಕೆ ಇದೆ, ಅದರ ಆಹಾರ ಅಲ್ಲಿ ಕಾಣುತ್ತಿದೆಯೇ, ಅದನ್ನು ತಿನ್ನುವವರು ಯಾರು ಎಂದು ಕೇಳುತ್ತ ಹೋದರೆ ದೃಶ್ಯವನ್ನು ಕಟ್ಟಿದವರು ಎಷ್ಟು ಯೋಚಿಸಿದ್ದಾರೆಂಬುದು ತಿಳಿಯುತ್ತದೆ.

ಮಂಗಟ್ಟೆ ಹಕ್ಕಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಪಶ್ಚಿಮ ಘಟ್ಟದ ಈ ದೊಡ್ಡ ಹಕ್ಕಿಯ ಹೆಣ್ಣು ಮೊಟ್ಟೆಯಿಡುವ ಕಾಲದಲ್ಲಿ ಮರದ ಪೊಟರೆಯೊಳಗೆ ಸೇರಿಕೊಂಡು, ಪೊಟರೆಯ ಬಾಯನ್ನು ಹಿಕ್ಕೆ ಮತ್ತು ಹಣ್ಣಿನ ತಿರುಳಿನಿಂದ ಮೆತ್ತಿ, ಕೊಕ್ಕು ತೂರುವಷ್ಟು ಸಂದು ಮಾತ್ರ ಉಳಿಸಿಕೊಳ್ಳುತ್ತದೆ. ವಾರಗಟ್ಟಲೆ ಅದಕ್ಕೂ ಮರಿಗಳಿಗೂ ಉಣಿಸುವುದು ಗಂಡಿನ ಕೆಲಸ, ಅದು ತರುವುದರಲ್ಲಿ ಬಹುಪಾಲು ಆಲ, ಅತ್ತಿ, ಬಸರಿ ಜಾತಿಯ ಹಣ್ಣುಗಳು. ಗಂಡು ಸತ್ತರೆ ಒಳಗಿನ ಸಂಸಾರಕ್ಕೆ ಗತಿಯಿಲ್ಲ; ದೊಡ್ಡ ಪೊಟರೆಯ ಹಳೆಯ ಮರವನ್ನು ಕಡಿದರೆ ಗೂಡೇ ಇಲ್ಲ; ಹಕ್ಕಿ ಇಲ್ಲವಾದರೆ ಆ ಮರಗಳ ಬೀಜವನ್ನು ದೂರಕ್ಕೆ ಒಯ್ಯುವವರಿಲ್ಲ. ಇಷ್ಟನ್ನು ಅರಿತ ಮೇಲೆ ಒಂದು ಪ್ರಶ್ನೆಯನ್ನು ಗುಂಪಿನ ಮುಂದಿಡಿ: ಕಾಡಿನಿಂದ ಅತ್ತಿಯ ಮರವೊಂದನ್ನೇ ತೆಗೆದರೆ ಈ ದೃಶ್ಯದಲ್ಲಿ ಯಾರ್‍ಯಾರು ಇಲ್ಲವಾಗುತ್ತಾರೆ? ಅತ್ತಿಯ ಹಣ್ಣು ಬಿಚ್ಚಿದರೆ ಬರೀ ಹುಳ ಎಂದು ನಮ್ಮ ಹಿರಿಯರು ಹೇಳುತ್ತಾರಷ್ಟೆ. ಆ ಹುಳುಗಳಲ್ಲಿ ಅತ್ತಿಯ ಒಳಗೇ ಅರಳುವ ಹೂಗಳಿಗೆ ಪರಾಗ ತಲುಪಿಸುವ ಪುಟ್ಟ ಕಣಜಗಳೂ ಇವೆ, ಅವು ಇಲ್ಲದಿದ್ದರೆ ಬೀಜ ಕಟ್ಟುವುದಿಲ್ಲ. ಹೀಗೆ ಒಂದು ಕೊಕ್ಕಿನಿಂದ ಹೊರಟ ಮಾತು ಕಣಜದವರೆಗೆ ಹೋಗುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿರುತ್ತದೆ, ಕಳೆಯಲಿ.

ಗಾಜಿನೊಳಗಿನ ಮಾದರಿಗಳನ್ನು ಕಾಣುವಾಗ ಇನ್ನೊಂದು ವಿಷಯವೂ ಮನಸ್ಸಿನಲ್ಲಿರಲಿ. ಮೈಸೂರಿನದು ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯದ ಶಾಖೆಯಾಗಿ ಆರಂಭವಾದ ಸಂಸ್ಥೆ. ಆ ಮೂಲ ಸಂಗ್ರಹಾಲಯ 2016ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾಗಿ, ಮತ್ತೆ ದೊರಕಿಸಿಕೊಳ್ಳಲಾಗದ ಎಷ್ಟೋ ವಸ್ತುಗಳು ಬೂದಿಯಾದವು. ಮುಟ್ಟಬೇಡಿ ಎಂದು ಬರೆದಿರುವ ಕಡೆ ಮುಟ್ಟದಿರುವುದು, ಫ್ಲಾಶ್ ಹಾಕಿ ಫೋಟೊ ತೆಗೆಯದಿರುವುದು, ಒಳಗೆ ಏನನ್ನೂ ತಿನ್ನದಿರುವುದು ಕೇವಲ ಶಿಸ್ತಿನ ಮಾತಲ್ಲ. ಒಣಗಿಸಿಟ್ಟ ಗರಿ, ಚರ್ಮ, ಎಲೆಗಳು ಬೆಳಕಿಗೂ ತೇವಕ್ಕೂ ಕೀಟಕ್ಕೂ ಬೇಗ ಸೋಲುತ್ತವೆ.

ಈಗ ದಾರದ ವಿಷಯ. ಭೂಮಿಯ ಇತಿಹಾಸ ಮತ್ತು ಪಳೆಯುಳಿಕೆಗಳನ್ನು ಕುರಿತ ಭಾಗದಲ್ಲಿ ಕೋಟಿಗಟ್ಟಲೆ ವರ್ಷಗಳ ಅಂಕಿಗಳು ಬರುತ್ತವೆ, ಅವನ್ನು ಓದಿದವರಲ್ಲಿ ಹೆಚ್ಚಿನವರಿಗೆ ಆರು ಕೋಟಿಗೂ ಅರುವತ್ತು ಕೋಟಿಗೂ ವ್ಯತ್ಯಾಸ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಒಂದು ಕೋಟಿ ವರ್ಷಕ್ಕೆ ಒಂದು ಸೆಂಟಿಮೀಟರ್ ಎಂದು ಲೆಕ್ಕ ಹಿಡಿದರೆ, ಸುಮಾರು 454 ಕೋಟಿ ವರ್ಷ ವಯಸ್ಸಿನ ಭೂಮಿಗೆ ನಾಲ್ಕೂವರೆ ಮೀಟರಿಗಿಂತ ತುಸು ಹೆಚ್ಚು ದಾರ ಬೇಕು. ಅಂಗಳದ ನೆರಳಿನಲ್ಲಿ ಇಬ್ಬರು ದಾರದ ಎರಡು ತುದಿ ಹಿಡಿದು ನಿಲ್ಲಲಿ. ಒಂದು ತುದಿ ಭೂಮಿಯ ಹುಟ್ಟು, ಇನ್ನೊಂದು ತುದಿ ಇವತ್ತು. ಇವತ್ತಿನ ತುದಿಯಿಂದ ಅಳೆಯುತ್ತ ಹೋಗಿ. ಜೀವಿಗಳಿದ್ದುದಕ್ಕೆ ದೊರೆತ ಬಹಳ ಹಳೆಯ ಗುರುತುಗಳು ಸುಮಾರು ಮೂರೂವರೆ ಮೀಟರ್ ದೂರದಲ್ಲಿ ಬರುತ್ತವೆ. ದಕ್ಷಿಣ ಕರ್ನಾಟಕದ ಬಯಲಿನ ಅಡಿಯಲ್ಲಿ ಹರಡಿರುವ, ನೈಸ್ ಎಂಬ ಪಟ್ಟೆಪಟ್ಟೆಯ ಗಟ್ಟಿ ಶಿಲೆಯ ಬಹುಭಾಗಕ್ಕೆ ಸುಮಾರು ಮೂರು ಮೀಟರ್. ಎದುರಿಗೆ ಕಾಣುವ ಚಾಮುಂಡಿ ಬೆಟ್ಟದ ಗ್ರಾನೈಟಿಗೆ ಸುಮಾರು 80 ಸೆಂಟಿಮೀಟರ್. ಚಿಪ್ಪು, ಕವಚಗಳುಳ್ಳ ಪ್ರಾಣಿಗಳು ಹೇರಳವಾಗಿ ಕಾಣಿಸಿಕೊಂಡ ಕೇಂಬ್ರಿಯನ್ ಕಾಲಕ್ಕೆ 54 ಸೆಂಟಿಮೀಟರ್. ಡೈನೊಸಾರ್‌ಗಳು ಅಳಿದದ್ದು ಆರೂವರೆ ಸೆಂಟಿಮೀಟರಿನಷ್ಟು ಹತ್ತಿರದಲ್ಲಿ. ನಮ್ಮಂಥ ಮನುಷ್ಯರ ಮೂರು ಲಕ್ಷ ವರ್ಷಕ್ಕೆ ಒಂದು ಮಿಲಿಮೀಟರಿನ ಮೂರನೇ ಒಂದು ಪಾಲೂ ಬರುವುದಿಲ್ಲ, ಅದನ್ನು ದಾರದ ಮೇಲೆ ಗುರುತಿಸಲು ಪೆನ್ಸಿಲಿನ ಮೊನೆಯೇ ದಪ್ಪವಾಯಿತು.

ಈ ಗುರುತುಗಳನ್ನು ಹಾಕಿ ಮುಗಿಯುವಷ್ಟರಲ್ಲಿ ಮೈಸೂರಿನ ನೆಲದಲ್ಲಿ ಡೈನೊಸಾರ್ ಮೂಳೆ ಏಕಿಲ್ಲ ಎಂಬ ಪ್ರಶ್ನೆಗೆ ಉತ್ತರ ತಾನಾಗಿ ಹೊರಬಿದ್ದಿರುತ್ತದೆ. ನಮ್ಮ ಕಾಲ ಕೆಳಗಿನ ಬಂಡೆಗಳು ಆ ಪ್ರಾಣಿಗಳು ಹುಟ್ಟುವುದಕ್ಕೆ ಬಹಳ ಮೊದಲೇ ಆಳದ ಬಿಸಿ ಮತ್ತು ಒತ್ತಡದಲ್ಲಿ ರೂಪುಗೊಂಡವು. ಪಳೆಯುಳಿಕೆ ಉಳಿಯಬೇಕಾದರೆ ಜೀವಿಯ ದೇಹ ಕೆಸರು, ಮರಳಿನಲ್ಲಿ ಹೂತು, ಆ ಕೆಸರೇ ಪದರಪದರವಾಗಿ ಕಲ್ಲಾಗಬೇಕು. ಅಂಥ ಪದರಶಿಲೆಯಿರುವ ತಮಿಳುನಾಡಿನ ಅರಿಯಲೂರಿನ ಕಡೆ ಡೈನೊಸಾರ್‌ಗಳ ಕಾಲದ ಕಡಲಜೀವಿಗಳ ಪಳೆಯುಳಿಕೆಗಳು ಸಮೃದ್ಧವಾಗಿ ಸಿಗುತ್ತವೆ. ಚಾಮುಂಡಿ ಬೆಟ್ಟವನ್ನು ಸಾವಿರ ಮೆಟ್ಟಿಲು ಹತ್ತಿ ಬಂದವರಿಗೂ ತಾವು ಕಾಲಿಟ್ಟ ಕಲ್ಲು ಚಿಪ್ಪುಳ್ಳ ಪ್ರಾಣಿಗಳಿಗಿಂತ ಹಳೆಯದೆಂದು ಈ ದಾರ ಹಿಡಿದಾಗಲೇ ಮನದಟ್ಟಾಗುವುದು. ಇಡೀ ದಿನದಲ್ಲಿ ಒಂದೇ ಒಂದು ಚಟುವಟಿಕೆಗೆ ಸಮಯವಿದ್ದರೆ ಇದನ್ನೇ ಮಾಡಿ ಎಂದು ನಾನು ಹೇಳುತ್ತೇನೆ.

ಊಟಕ್ಕೆ ಮನೆಯಿಂದ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಬಂದರೆ ಸಮಯ ಉಳಿಯುತ್ತದೆ. ಡಬ್ಬಿಯಲ್ಲಿ ತನ್ನಿ, ಪ್ಲಾಸ್ಟಿಕ್ ಕವರು ಬೇಡ. ಊಟ ಮಾಡಲು ಎಲ್ಲಿ ಅವಕಾಶವಿದೆಯೆಂದು ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಅವರೊಡನೆ ಮಾತಿಗಿಳಿಯುವುದಕ್ಕೂ ಅದು ಒಳ್ಳೆಯ ನೆವ, ಏಕೆಂದರೆ ಫಲಕದಲ್ಲಿ ಇಲ್ಲದ ಎಷ್ಟೋ ಸಂಗತಿಗಳು ದಿನವೂ ಆ ವಸ್ತುಗಳ ನಡುವೆ ಇರುವವರಿಗೆ ತಿಳಿದಿರುತ್ತವೆ.

ಮಧ್ಯಾಹ್ನ ಮೂರರ ಹೊತ್ತಿಗೆ ಕೆರೆಗೆ ಹೊರಡಿ. ಕೆರೆಯ ಉದ್ಯಾನಕ್ಕೆ ಬಾಗಿಲೂ ಬೇರೆ, ಟಿಕೆಟೂ ಬೇರೆ. ಸಂಜೆ ಬಾಗಿಲು ಮುಚ್ಚುವ ಮುನ್ನ ಎರಡು ಗಂಟೆಯಾದರೂ ಕೈಯಲ್ಲಿರಬೇಕು. ಪ್ರಪಂಚದ ಹೆಸರಾಂತ ಪ್ರಾಕೃತಿಕ ಸಂಗ್ರಹಾಲಯಗಳಲ್ಲಿ ಹೆಚ್ಚಿನವು ದೊಡ್ಡ ನಗರಗಳ ನಡುಮಧ್ಯದಲ್ಲಿವೆ. ಒಳಗೆ ಕಂಡ ಹಕ್ಕಿಯನ್ನು ಹೊರಗೆ ಬಂದು ನೀರಿನ ಮೇಲೆ ಜೀವಂತವಾಗಿ ನೋಡುವ ಸೌಕರ್ಯ ನಮಗೆ ಇಲ್ಲಿ ಇದೆ, ಅದನ್ನು ಬಳಸಿಕೊಳ್ಳದೆ ಹಿಂತಿರುಗಬಾರದು. ಒಬ್ಬೊಬ್ಬರು ಒಂದೊಂದು ಹಕ್ಕಿಯನ್ನು ಆರಿಸಿಕೊಂಡು, ಹೆಸರು ಗೊತ್ತಿರಲಿ ಬಿಡಲಿ, ಹತ್ತು ನಿಮಿಷ ಅದನ್ನೇ ಹಿಂಬಾಲಿಸಿ ಅದು ಮಾಡಿದ್ದನ್ನೆಲ್ಲ ಬರೆದುಕೊಳ್ಳಲಿ.

ಏನೇನು ಕಾಣಬಹುದೆಂಬುದಕ್ಕೆ ಕೆಲವು ಸೂಚನೆಗಳು. ನೀರುಕಾಗೆ ಮುಳುಗಿ ಮೀನು ಹಿಡಿದ ಮೇಲೆ ಕೊಂಬೆಯ ಮೇಲೆ ಕುಳಿತು ರೆಕ್ಕೆಗಳನ್ನು ಅಗಲಿಸಿ ಒಣಗಿಸಿಕೊಳ್ಳುತ್ತದೆ. ಅದರ ಗರಿಗಳು ನೀರನ್ನು ಹೀರುವುದರಿಂದಲೇ ದೇಹ ಭಾರವಾಗಿ ಮುಳುಗುವುದು ಸುಲಭವಾಗುತ್ತದೆ, ಬಾತಿನ ಗರಿಗೆ ನೀರು ಅಂಟದಿರುವುದರಿಂದ ಅದು ತೇಲುತ್ತದೆ. ಹಾವಕ್ಕಿಯ ಮೈಯೆಲ್ಲ ನೀರಿನೊಳಗಿದ್ದು ಕತ್ತು ಮಾತ್ರ ಮೇಲೆ ಕಾಣುತ್ತದೆ, ಮೀನನ್ನು ಅದು ಕೊಕ್ಕಿನಿಂದ ಇರಿದು ಹಿಡಿಯುತ್ತದೆ. ಬಣ್ಣದ ಕೊಕ್ಕರೆ ಅರ್ಧ ತೆರೆದ ಕೊಕ್ಕನ್ನು ಕಲಕು ನೀರಿನಲ್ಲಿ ಆಡಿಸುತ್ತ, ಮೀನು ತಗುಲಿದೊಡನೆ ಮುಚ್ಚುತ್ತದೆ. ಅದಕ್ಕೆ ಕಣ್ಣಿಗಿಂತ ಸ್ಪರ್ಶವೇ ಮುಖ್ಯ. ಹೆಜ್ಜಾರ್ಲೆ ಕೊಕ್ಕಿನ ಕೆಳಗಿನ ಚೀಲದಲ್ಲಿ ನೀರಿನ ಸಮೇತ ಮೀನನ್ನು ಮೊಗೆದು, ನೀರನ್ನು ಹೊರಚೆಲ್ಲಿ ನುಂಗುತ್ತದೆ. ಈ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಮನೆಗಳ ನಡುವಿನ ಮರಗಳ ಮೇಲೆ ಗೂಡು ಕಟ್ಟುವುದು. ಆ ಊರಿನ ಕಡೆಯವರು ನಿಮ್ಮ ಗುಂಪಿನಲ್ಲಿದ್ದರೆ ಗೂಡಿನ ಕಥೆಯನ್ನು ಅವರಿಂದಲೇ ಕೇಳಿ. ಒಂದೇ ಕೆರೆಯಲ್ಲಿ ನಾಲ್ಕು ಬಗೆಯ ಹಕ್ಕಿಗಳು ಮೀನನ್ನೇ ತಿಂದರೂ ಒಂದರ ತಟ್ಟೆಗೆ ಇನ್ನೊಂದು ಕೈಹಾಕದಂತೆ ಬದುಕುವುದು ಹೇಗೆಂಬುದನ್ನು ನಿಮ್ಮ ಟಿಪ್ಪಣಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಓದಿದಾಗ ಕಾಣಬಹುದು. ಹಕ್ಕಿಗಳಿಗೆ ತಿಂಡಿ ಎಸೆಯಬೇಡಿ, ಕೂಗಿ ಹಾರಿಸಬೇಡಿ.

ಗುಂಪಿನಲ್ಲಿ ಯಂತ್ರಗಳ ಮೇಲೆ ಒಲವಿರುವವರು ಇದ್ದೇ ಇರುತ್ತಾರೆ. ಅವರಿಗಾಗಿ ಅದೇ ದಿನ ಸಂಜೆ ಇನ್ನೊಂದು ಸಂಗ್ರಹಾಲಯವನ್ನು ತುರುಕುವುದಕ್ಕಿಂತ ಬೇರೊಂದು ದಿನವನ್ನೇ ಇಟ್ಟುಕೊಳ್ಳುವುದು ಸರಿ. ಕೆ.ಆರ್.ಎಸ್. ರಸ್ತೆಯಲ್ಲಿ, ಕೇಂದ್ರೀಯ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಎದುರಿಗಿರುವ ರೈಲ್ವೆ ವಸ್ತುಸಂಗ್ರಹಾಲಯ 1979ರಲ್ಲಿ ಆರಂಭವಾಯಿತು, ದೆಹಲಿಯ ನಂತರ ದೇಶದಲ್ಲಿ ಅದೇ ಎರಡನೆಯದು. ಅಲ್ಲಿಯೂ ಇದೇ ಕ್ರಮ: ಎಲ್ಲ ಎಂಜಿನ್‌ಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಬದಲು ಒಂದೇ ಉಗಿ ಎಂಜಿನ್ನನ್ನು ಆರಿಸಿಕೊಂಡು, ಬೆಂಕಿಯ ಗೂಡಿನಿಂದ ಗಾಲಿಯವರೆಗೆ ಶಕ್ತಿ ಸಾಗುವ ದಾರಿಯನ್ನು ಬೆರಳು ತೋರಿಸುತ್ತ ಗುರುತಿಸಿ. ಬೆಂಕಿಯ ಬಿಸಿಗಾಳಿ ಕೊಳವೆಗಳ ಮೂಲಕ ಹಾದು ಬಾಯ್ಲರಿನ ನೀರನ್ನು ಕಾಯಿಸುತ್ತದೆ, ಉಗಿ ಸಿಲಿಂಡರಿಗೆ ಬಂದು ಪಿಸ್ಟನ್ನನ್ನು ಹಿಂದೆ ಮುಂದೆ ತಳ್ಳುತ್ತದೆ, ದಂಡ ಅದನ್ನು ದೊಡ್ಡ ಗಾಲಿಗಳಿಗೆ ಮುಟ್ಟಿಸುತ್ತದೆ. ಕೆಲಸ ಮುಗಿಸಿದ ಉಗಿಯನ್ನು ಸುಮ್ಮನೆ ಹೊರಗೆ ಬಿಡದೆ ಚಿಮಣಿಯ ಮೂಲಕವೇ ಚಿಮ್ಮಿಸುತ್ತಾರೆ, ಆ ಚಿಮ್ಮಿಕೆ ಬೆಂಕಿಯ ಗೂಡಿನೊಳಕ್ಕೆ ಹೊಸ ಗಾಳಿಯನ್ನು ಎಳೆಯುತ್ತದೆ. ಎಂಜಿನ್ ಜೋರಾಗಿ ದುಡಿದಷ್ಟೂ ಬೆಂಕಿ ತಾನಾಗಿಯೇ ಜೋರಾಗುವುದು ಇದರಿಂದ. ಮಕ್ಕಳು ಚುಕುಬುಕು ಎಂದು ಅನುಕರಿಸುವುದು ಈ ಚಿಮ್ಮಿಕೆಯ ಸದ್ದನ್ನೇ, ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಅದು ನಾಲ್ಕು ಸಲ ಕೇಳುತ್ತದೆ. ನಾಲ್ಕೇ ಏಕೆಂಬುದನ್ನು ಪಿಸ್ಟನ್ನಿನ ಎರಡೂ ಬದಿಗೆ ಉಗಿ ಬರುವ ದಾರಿಯನ್ನು ನೋಡಿ ಗುಂಪಿನಲ್ಲಿ ಲೆಕ್ಕ ಹಾಕಿಕೊಳ್ಳಬಹುದು. ಅಳತೆಪಟ್ಟಿಯಿಂದ ಹಳಿಗಳ ನಡುವಿನ ಅಂತರವನ್ನೂ ಅಳೆದು ನೋಡಿ: ಬ್ರಾಡ್‌ಗೇಜ್ 1676 ಮಿಲಿಮೀಟರ್, ಮೀಟರ್‌ಗೇಜ್ ಹೆಸರೇ ಹೇಳುವಂತೆ 1000, ನ್ಯಾರೋಗೇಜ್‌ಗಳಲ್ಲಿ ಒಂದು 762.

ಕಾರಂಜಿ ಕೆರೆಯಿಂದ ಹೊರಡುವ ಮುನ್ನ ಮಾಡಬೇಕಾದ ಒಂದು ಕೆಲಸವಿದೆ. ಬೆಳಿಗ್ಗೆ ತಂದ ಚೀಟಿಗಳನ್ನು ಹೊರತೆಗೆದು, ಉತ್ತರ ಸಿಕ್ಕ ಪ್ರಶ್ನೆ ಯಾವುದು, ಸಿಗದೆ ಉಳಿದದ್ದು ಯಾವುದು ಎಂದು ಬೇರ್ಪಡಿಸಿ. ಉಳಿದವುಗಳನ್ನು ಹಂಚಿಕೊಳ್ಳುವಾಗ ಯಾರ ಪ್ರಶ್ನೆಯೋ ಅವರಿಗೇ ಕೊಡದೆ ಬೇರೆಯವರಿಗೆ ಕೊಡಿ, ಹಾಗೆ ಮಾಡಿದರೆ ಹುಡುಕುವವರಿಗೂ ಕೇಳಿದವರಿಗೂ ಮುಂದಿನ ವಾರ ಒಂದು ಫೋನು ಮಾಡಲು ಕಾರಣವಿರುತ್ತದೆ. ಮಂಡ್ಯಕ್ಕೆ ಹಿಂತಿರುಗುವವರು ಆರು ಗಂಟೆಯ ಸುಮಾರಿಗೆ ರೈಲು ನಿಲ್ದಾಣ ಸೇರುವಂತೆ ಹೊರಟರೆ ಸಂಜೆಯ ರೈಲಿನ ನೂಕುನುಗ್ಗಲಿನಲ್ಲಿ ಜಾಗ ಹುಡುಕಿಕೊಳ್ಳಲು ಸ್ವಲ್ಪ ಸಮಯ ಸಿಗುತ್ತದೆ.